ಕರೇ ಮೀನು ಉಳಿಸಿದಾಕೆ

ಅವಳ ಬಾಯಿ ಕೆಟ್ಟದ್ದಿತ್ತು. ಸತ್ತಿದ್ದಾಳೆಂದು ಈಗ ಅದನ್ನು ಒಳ್ಳೆಯ ಬಾಯಿ ಮಾಡಲು ನನ್ನಿಂದಾಗುವುದಿಲ್ಲ. ಓಣಿಯಲ್ಲಿ ಯಾರ ಮನೆಯ ಬೆಕ್ಕು ಯಾರ ಹಾಲು ಕುಡಿದರೂ ಅವಳು ಬಾಗಿಲಲ್ಲಿ ನಿಂತು ಬೆಕ್ಕಿನ ಮನೆಯವರ ಹಿರಿಯರನ್ನೆಲ್ಲ ಎಬ್ಬಿಸಿ ಬೈಯುತ್ತಿದ್ದಳು. ಹಾಲು ಅವಳದಾಗಿರಬೇಕೆಂದೇನೂ ಇರಲಿಲ್ಲ. ಕರಿಬೇವು ಕೇಳಲು ಹೋದರೆ, “ನಿಮ್ಮ ಮನ್ಯಾಗ ಒಂದು ಗಿಡಾ ಹಚ್ಚಾಕ ಮಣ್ಣಿಲ್ಲೇನಬೇ? ಬರೇ ಕೈ ಒಡ್ಡೂದೊಂದ ಕಲ್ತೀರಿ” ಎನ್ನುವಳು. ಎಲೆ ಮಾತ್ರ ಎರಡು ಕೈ ತುಂಬ ಕೊಡುವಳು. ಬೈಸಿಕೊಂಡ ಸಿಟ್ಟಿಗೆ ನಾವು ಆ ಎಲೆ ಎಣಿಸುತ್ತಿರಲಿಲ್ಲ.

ಹೆಸರು ಬರೆಯುವುದಿಲ್ಲ. ಅವಳಿದ್ದ ಮನೆಯವರು ಇನ್ನೂ ನಮ್ಮ ಎದುರಿಗೇ ಇದ್ದಾರೆ, ದಿನಾ ಮುಖ ನೋಡಬೇಕು. ಓಣಿಯವರೆಲ್ಲ ಅವಳನ್ನು ಅತ್ತಿ ಎನ್ನುತ್ತಿದ್ದೆವು. ಆ ಮನೆಯ ಮಕ್ಕಳಿಗೆ ಅವಳು ಸೋದರತ್ತೆ. ಅವರು ಕೂಗಿದ್ದನ್ನೇ ನಾವೂ ಹಿಡಿದುಕೊಂಡೆವು. ವಯಸ್ಸಿನಲ್ಲಿ ನಾನೇ ದೊಡ್ಡವಳು. “ನನಗಿಂತ ಮೊದಲ ಹುಟ್ಟಿ ನನಗ ಅತ್ತಿ ಅಂತೀದಿ, ನಾಚಿಕಿ ಬರೂದಿಲ್ಲೇನ ನಿನಗ?” ಎಂದು ನನ್ನನ್ನೂ ಬಿಟ್ಟಿರಲಿಲ್ಲ.

ಅವಳನ್ನು ಕೊಟ್ಟದ್ದು ಬಿಜ್ಜರಗಿಗೆ. ಗಂಡ ಕುರಿ ಕಾಯುವವನು, ಸ್ವಲ್ಪ ಹೊಲವೂ ಇತ್ತು. ಮಕ್ಕಳಾಗಲಿಲ್ಲ. ಗಂಡ ಸತ್ತ ಮೇಲೆ ಮೈದುನನ ಮಗ ಆ ಹೊಲವನ್ನು ತನ್ನ ಹೊಲದೊಳಗೆ ಸೇರಿಸಿಕೊಂಡು ದ್ರಾಕ್ಷಿ ಹಚ್ಚಿದ. ಅವಳನ್ನು ಸೇರಿಸಿಕೊಳ್ಳಲಿಲ್ಲ. ವಿಜಯಪುರದಲ್ಲಿ ಅಣ್ಣನಿದ್ದ. ಮೂಲ ನಿಡೋಣಿಯವನು, ಮಣೂಕದ ವ್ಯಾಪಾರ ಹಿಡಿದು, ದ್ರಾಕ್ಷಿ ಒಣಗಿಸಿ ಮಾರಿ ಮಾರಿ ಮೇಲೆ ಬಂದು, ಸ್ಟೇಷನ್ ರಸ್ತೆಯ ಹಿಂದಿನ ನಮ್ಮ ಓಣಿಯಲ್ಲಿ ಮಹಡಿ ಮನೆ ಕಟ್ಟಿಸಿದ್ದ. ಒಂದು ಟ್ರಂಕು, ಒಂದು ರೊಟ್ಟಿ ಹಂಚು ಹಿಡಿದುಕೊಂಡು ಅವಳು ಆ ಮನೆಗೆ ಬಂದಳು. ಹಂಚು ಯಾಕೆ ತಂದಿ ಎಂದು ಕೇಳಿದ್ದಕ್ಕೆ, “ವೈನಿ ಹಂಚಿನ ಮ್ಯಾಲ ಸುಟ್ಟರ ರೊಟ್ಟಿ ಹೊತ್ತೀತು ಅಂತ ಮಾತ ಬರ್ತಾವು. ನನ್ನ ಹಂಚಿನ ಮ್ಯಾಲ ನಾ ಏನರ ಮಾಡ್ಕೋತೀನಿ” ಎಂದಳು. ವೈನಿ ಎಂದರೆ ಅಣ್ಣನ ಹೆಂಡತಿ. ಬಂದ ದಿನವೇ ಅವಳಿಗೆ ಗೊತ್ತಿತ್ತು ಎಲ್ಲಿಗೆ ಬಂದಿದ್ದೇನೆಂದು.

ಆ ಮನೆಯಲ್ಲಿ ಅವಳ ಜಾಗ ಅಡಿಗೆಮನೆ ಮತ್ತು ಹಿತ್ತಲು. ಪಡಸಾಲೆಯಲ್ಲಿ ದೊಡ್ಡ ಸೋಫಾ ಇತ್ತು. ಅದನ್ನು ಅವಳು ಒರೆಸಿದ್ದು ನೋಡಿದ್ದೇನೆ, ಕೂತದ್ದು ನೋಡಿಲ್ಲ. ಮಂದಿ ಬಂದರೆ ಅಣ್ಣ ಕಣ್ಣಿನಲ್ಲೇ ಒಳಗೆ ಹೋಗು ಎನ್ನುತ್ತಿದ್ದ. ಹೋಗುತ್ತಿದ್ದಳು. ಆಮೇಲೆ ಒಳಗಿನಿಂದ ಪಾತ್ರೆಗಳ ಸಪ್ಪಳ ಜೋರಾಗುತ್ತಿತ್ತು. ಅಣ್ಣನ ಕೂಡ ಅವಳು ಮಾಡಿದ ಜಗಳ ಅಷ್ಟೇ. ಅವನು ಕೆಟ್ಟವನಲ್ಲ. ಟಿಕೋಟಾಕ್ಕೆ ಹೋದಾಗಲೆಲ್ಲ ಅವಳಿಗೆ ಹಲ್ಲು ತಿಕ್ಕುವ ಮಿಶ್ರಿಯ ಡಬ್ಬಿ ನೆನಪಿನಿಂದ ತರುತ್ತಿದ್ದ. ಮಿಶ್ರಿ ತರುತ್ತಿದ್ದ, ಕುರ್ಚಿ ಕೊಡುತ್ತಿರಲಿಲ್ಲ. ಕೆಟ್ಟವರಲ್ಲದ ಮಂದಿ ಹೀಗೇ ಇರುತ್ತಾರೆ.

ಅಣ್ಣನ ಧಂದೆಯಲ್ಲಿ ಏನೋ ತಾಪತ್ರಯ ಶುರುವಾದಾಗ ಯಾರೋ ಒಬ್ಬ ವಾಸ್ತು ಹೇಳುವವನನ್ನು ಕರೆತಂದರು. ಅವನು ಮನೆಯೆಲ್ಲ ತಿರುಗಿ, ಚಹಾ ಕುಡಿದು, ಪಡಸಾಲೆಯ ಈಶಾನ್ಯ ಮೂಲೆಗೆ ಬೆರಳು ಮಾಡಿದ.

“ಇಲ್ಲಿ ಮೀನಿನ ಪೆಟಗಿ ಇಡ್ರಿ. ಕೆಂಪು ಎಷ್ಟರ ಇರ್ಲಿ, ಒಂದು ಕರೇದು ಬೇಕ. ಮನೀ ಮ್ಯಾಲ ಬರೂ ಪೀಡಾ ಎಲ್ಲಾ ಆ ಕರೇದು ತನ್ನ ಮೈಮ್ಯಾಲ ತಗೋತೈತಿ. ಸತ್ತರ ಮಾರಿ ಸಣ್ಣ ಮಾಡಬ್ಯಾಡ್ರಿ, ಖುಷಿ ಪಡ್ರಿ, ಇನ್ನೊಂದು ತಂದು ಬಿಡ್ರಿ. ಆದರ ನಿಮ್ಮ ಕೈಲೆ ಕೊಲ್ಲಬಾರದು, ತಾನಾಗೇ ಸಾಯಬೇಕು.”

ನಮ್ಮ ಓಣಿಗೆ ನಳ ಬರುವುದೇ ಯಾವಾಗಲೋ ಒಮ್ಮೆ. ನಾವು ಕೊಡ ಸಾಲು ಹಚ್ಚಿ ಕಾಯುತ್ತ ನಿಂತಿದ್ದಾಗ ಎದುರು ಮನೆಗೆ ಆಳುದ್ದದ ಗಾಜಿನ ಪೆಟ್ಟಿಗೆ ಬಂತು. ಒಳಗೆ ದೀಪ, ಗುಳುಗುಳು ಗಾಳಿ ಬಿಡುವ ಮಿಷನ್ನು, ಬಣ್ಣದ ಕಲ್ಲು, ಒಂದು ಪ್ಲಾಸ್ಟಿಕ್ಕಿನ ಕೋಟೆ. ಗೋಳಗುಮ್ಮಟದ ಊರಿನಲ್ಲಿ ಮೀನಿಗೆ ಪ್ಲಾಸ್ಟಿಕ್ಕಿನ ಕೋಟೆ! ಅಣ್ಣನ ದೊಡ್ಡ ಮಗ ಮೀನಿನ ಚೀಲಗಳನ್ನು ತಂದವನೇ ಬಾಯಿ ಬಿಚ್ಚಿ ಭಸಕ್ಕನೆ ನೀರಿಗೆ ಸುರಿದ. ಮರುದಿನ ಕರೇದು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು.

ಅಣ್ಣನ ಹೆಂಡತಿ ಓಣಿಗೆಲ್ಲ ಪೇಢೆ ಹಂಚಿದಳು. “ತಗೋರಿ ಆಯಿ, ನಮ್ಮ ಪೀಡಾ ಹೋತು” ಎಂದಳು ನನಗೆ. ತಿಂದೆ. ಪೇಢೆಯದೇನು ತಪ್ಪು?

ಇನ್ನೊಂದು ಕರೇದು ಬಂತು, ಸತ್ತಿತು. ಮತ್ತೊಂದು ಬಂತು. ಹೀಗೆ ಮೀನು ಸಾಯುವುದು, ನಾವು ಪೇಢೆ ತಿನ್ನುವುದು ಕೆಲವು ದಿನ ನಡೆಯಿತು. ಸತ್ತದ್ದನ್ನು ಮುಟ್ಟಲು ಆ ಮನೆಯಲ್ಲಿ ಎಲ್ಲರಿಗೂ ಹೇಸಿಗೆ. ಅದು ಅತ್ತಿಯ ಪಾಲಿಗೆ ಬಂದ ಕೆಲಸ. ಹಿತ್ತಲಲ್ಲಿ ಕರಿಬೇವಿನ ಬುಡಕ್ಕೆ ಕುಳಿ ತೋಡಿ ಹಾಕುವಳು. ಒಂದು ಮುಂಜಾನೆ ಕಟ್ಟೆಗೆ ಬಂದು ಕೂತು ಕೈ ಮೂಸಿ ನೋಡಿಕೊಂಡಳು.

“ಹೆಣಾ ತಗದು ತಗದು ಕೈ ನಾರಾಕತ್ತಾವಬೇ. ರೊಟ್ಟಿ ಬಡಿಯೂ ಕೈ ಇವು. ಇನ್ನೊಂದು ಹೆಂಗ ಸಾಯತೈತಿ ನಾನೂ ನೋಡ್ತೀನಿ. ಏಳ, ಸ್ಟೇಷನ್ ರೋಡಿಗಿ ಹೋಗೂಣು.”

ಅವಳಿಗೆ ಮೀನಿನ ಮೇಲೆ ಮಮತೆ ಉಕ್ಕಿ ಬಂತೆಂದು ಯಾರೂ ತಿಳಿಯಬಾರದು. ನಾರುವ ಕೈಯಿಂದ ಶುರುವಾದದ್ದು ಅದು.

ಮೀನಿನ ಅಂಗಡಿಯ ಭಾಯಿ ಗಡ್ಡ ಕೆರೆದುಕೊಂಡು ಅವಳ ಬೈಗುಳವನ್ನೆಲ್ಲ ಪೂರ್ತಿ ಕೇಳಿದ. ಸಾಯುವ ಮೀನು ಮಾರುತ್ತೀಯೆಂದು ಅವಳ ತಕರಾರು. “ಅಮ್ಮಾ, ಮೀನ ನಂದು ಛಲೋ ಅದಾವು. ನಿಮ್ಮ ಹುಡುಗ ಅದನ್ನ ಬಾವ್ಯಾಗ ಕಲ್ಲ ಒಗದಂಗ ಒಗದಾನ. ಥೋಡಾ ಸಬರ್ ಬೇಕ್ರಿ, ಅವಸರ ನಡಿಯೂದಿಲ್ಲ. ಚೀಲಾ ಕಟ್ಟಿದ್ದು ಕಟ್ಟಿದಂಗ ನೀರಾಗ ತೇಲಿಬಿಡ್ರಿ. ಎರಡೂ ನೀರು ಒಂದ ಸಮ ಬೆಚ್ಚಗ ಆಗ್ಲಿ. ಆಮ್ಯಾಲ ಬಾಯಿ ಬಿಚ್ಚಿ ನಿಮ್ಮ ಪೆಟಗಿ ನೀರ ಸ್ವಲ್ಪ ಸ್ವಲ್ಪ ಚೀಲಕ್ಕ ಹಾಕ್ರಿ, ಅದರ ಮೈಗಿ ರೂಢಿ ಆಗ್ಲಿ. ನನ್ನ ನೀರ ನಿಮ್ಮ ಪೆಟಗ್ಯಾಗ ಸುರೀಬ್ಯಾಡ್ರಿ, ಜಾಳಿಗಿಲೆ ಮೀನಷ್ಟ ಎತ್ತಿ ಬಿಡ್ರಿ. ಅವತ್ತ ದೀಪಾ ಹಚ್ಚಬ್ಯಾಡ್ರಿ, ತಿನ್ನಾಕೂ ಹಾಕಬ್ಯಾಡ್ರಿ.”

“ಇಷ್ಟ ಮಾಡಿದ ಮ್ಯಾಲ ಸತ್ತರ?”

“ಸತ್ತರ ಬಂದು ನನ್ನ ಗಡ್ಡಾ ಹಿಡೀರಿ.”

“ಹಿಡೀತೀನಿ ನೋಡ ಮತ್ತ” ಎಂದಳು. ಭಾಯಿ ನಕ್ಕ, ಅವಳು ನಗಲಿಲ್ಲ.

ಆರಿಸಿದ್ದು ಉಬ್ಬುಗಣ್ಣಿನ ಒಂದು ಕರೇ ಮೀನು. ನೋಡಲು ಚೆಂದವೇನಲ್ಲ, ಬೈಸಿಕೊಂಡ ಸೊಸೆಯ ಹಾಗೆ ಮೋರೆ ಉಬ್ಬಿಸಿಕೊಂಡಿತ್ತು. ಚೀಲವನ್ನು ಸೆರಗಿನೊಳಗೆ ಮುಚ್ಚಿಕೊಂಡು ಆಟೋ ಹತ್ತಿದಳು. ರಸ್ತೆ ಹೇಗಿದೆಯೆಂದು ಎಲ್ಲರಿಗೂ ಗೊತ್ತು. “ಸಾವಕಾಶ ಹೊಡೀ ತಮ್ಮಾ, ಒಳಗ ಬಾಣಂತಿ ಅದಾಳ” ಎಂದಳು. ಆಟೋದವನು ಹಿಂದೆ ತಿರುಗಿ ನೋಡಿದ. ಹಲ್ಲು ಬಿದ್ದ ನಾವಿಬ್ಬರು ಮುದುಕಿಯರು ಕೂತಿದ್ದೆವು. ಅವನು ನಿಜವಾಗಿಯೂ ಸಾವಕಾಶ ಹೊಡೆದ, ಹೆದರಿದ್ದನೆಂದು ಕಾಣುತ್ತದೆ.

ನೀರನ್ನು ಅವಳು ಮೊದಲೇ ತಯಾರಿಟ್ಟಿದ್ದಳು. ಮನೆಯ ಬೋರಿನದು ಸವುಳು ನೀರು, ನಾಲಿಗೆಗೆ ಉಪ್ಪುಪ್ಪು. ನಳದ ನೀರಿಗೆ ಔಷಧದ ವಾಸನೆ. ನಳದ್ದನ್ನು ಅಗಲವಾದ ಬೋಗುಣಿಯಲ್ಲಿ ಬಿಸಿಲಿಗೆ ತೆರೆದಿಟ್ಟು ವಾಸನೆ ಹೋಗಿಸಿ, ಆ ನೀರನ್ನೇ ಪೆಟ್ಟಿಗೆಗೆ ತುಂಬಿಸಿದ್ದಳು. ಮನೆ ಮುಟ್ಟಿದ ಕೂಡಲೆ ದೀಪ ಆರಿಸಿದಳು, ಚೀಲ ತೇಲಿಬಿಟ್ಟಳು. ಮನೆ ಮಂದಿಯೆಲ್ಲ ಗಾಜಿಗೆ ಮೂಗು ಹಚ್ಚಿ ನಿಂತರು.

“ಸರೀರಿ ಆಚೆ. ಹೊಸದಾಗಿ ಬಂದದ್ದರ ಮುಂದ ಇಷ್ಟ ಮಂದಿ ಮಾರಿ ಒಯ್ದು ನಿಂತರ ಅದರ ಎದಿ ಒಡೀಬಾರದೇನ? ಮೊದಲ ಉಸಿರಾಡ್ಲಿ, ಆಮ್ಯಾಲ ನೋಡ್ರಿ.”

ದೊಡ್ಡ ಮಗನಿಗೆ ತಾಳ್ಮೆಯಿಲ್ಲ. “ಅತ್ತಿ, ಬಿಚ್ಚಿ ಒಗೀ ಅತ್ಲಾಗ. ಎಷ್ಟೊತ್ತ ಮಾಡ್ತೀದಿ?”

“ನೀ ಬ್ಯಾಸಗ್ಯಾಗೂ ಕಾಸಿದ ನೀರ ಬೇಕಂತೀದಿ. ಅದಕ್ಕ ಚರ್ಮ ಇಲ್ಲೇನ?”

ಬಟ್ಟಲಿನಿಂದ ಸ್ವಲ್ಪ ನೀರು ಚೀಲಕ್ಕೆ ಹಾಕುವಳು, ಸುಮ್ಮನೆ ಕೂರುವಳು, ಮತ್ತೆ ಸ್ವಲ್ಪ ಹಾಕುವಳು. ಒಲೆಯ ಮೇಲಿನ ಬೇಳೆ ಹೊತ್ತಿತು, ಏಳಲಿಲ್ಲ. ಕಡೆಗೆ ಜಾಳಿಗೆಯಿಂದ ಮೀನನ್ನು ಎತ್ತಿ ಪೆಟ್ಟಿಗೆಯೊಳಗೆ ಇಳಿಸಿದಳು, ಬಿಡುವ ಹೊತ್ತಿನಲ್ಲಿ ಜಾಳಿಗೆಯನ್ನು ನೀರೊಳಗೇ ಓರೆ ಮಾಡಿ ಅದು ತಾನಾಗಿ ಹೊರಗೆ ಬರಲೆಂದು ಕಾದಳು. ಅದು ಬಂತು, ಮೂಲೆಗೆ ಹೋಗಿ ನಿಂತಿತು. ನಿಂತದ್ದೇ ತಡ, ಹಳೆಯ ಕೆಂಪು ಮೀನುಗಳು ಬಂದು ಬಾಲ ಜಗ್ಗತೊಡಗಿದವು. ಆಗ ಅವಳು ತೋಳಿನ ತನಕ ಕೈ ಇಳಿಸಿ ಕೋಟೆಯನ್ನು ಆಚೆಗಿಟ್ಟಳು, ಕಲ್ಲುಗಳನ್ನು ಕಲಸಿದಳು, ಇದ್ದದ್ದು ಯಾವುದೂ ಇದ್ದಲ್ಲಿ ಇಡಲಿಲ್ಲ.

“ಇದೇನ ಮಾಡಾಕತ್ತೀಬೇ?” ಎಂದೆ.

“ಹಳೇವು ತಮ್ಮ ತಮ್ಮ ಮೂಲಿ ಹಿಡದು ಕುಂತಾವು. ಅದಕ್ಕ ಹೊಸದನ್ನ ಬಡೀತಾವು. ಕಲ್ಲ ಕದಲಿಸಿಬಿಟ್ಟರ ಎಲ್ಲಾವಕ್ಕೂ ಜಾಗಾ ಹೊಸಾದ. ಆಗ ಯಾರ ಮನ್ಯಾಗಿಂದ ಯಾರ್ನ ಹೊರಗ ಹಾಕ್ತಾವು?”

ಇದನ್ನು ಭಾಯಿ ಹೇಳಿಕೊಟ್ಟಿರಲಿಲ್ಲ. ಕೆಂಪು ಮೀನುಗಳು ಗಲಿಬಿಲಿಯಾಗಿ ತಮ್ಮ ಜಾಗ ಹುಡುಕುತ್ತ ಸುತ್ತಾಡಿದವು, ಕರೇದನ್ನು ಮರೆತವು. ಅವಳು ತನ್ನ ಹಳೇ ಇಳಕಲ್ ಸೀರೆಯನ್ನು ಪೆಟ್ಟಿಗೆಯ ಮೇಲೆ ಹೊದಿಸಿ, ಅಡಿಗೆಮನೆಯಿಂದ ಸ್ಟೂಲು ತಂದು ಪಕ್ಕದಲ್ಲಿ ಹಾಕಿಕೊಂಡು ಕೂತಳು. ಪಡಸಾಲೆಯಲ್ಲಿ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೀನು ಸಾಯಲಿಲ್ಲ.

ಅಲ್ಲಿಂದ ಅವಳಿಗೆ ಒಂದು ಸ್ಟೂಲಿನಷ್ಟು ಜಾಗ ಸಿಕ್ಕಿತು. ಕೆಲಸ ಮುಗಿಸಿ ಬಂದು ಪೆಟ್ಟಿಗೆಯ ಪಕ್ಕ ಕೂರುವಳು. ದೊಡ್ಡ ಮಗನ ಮದುವೆ ಮಾತಿಗೆ ಬಬಲೇಶ್ವರದಿಂದ ಹೆಣ್ಣಿನವರು ಬಂದ ದಿನವೂ ಅಲ್ಲಿಯೇ ಕೂತಿದ್ದಳು. ಅವರಲ್ಲೊಬ್ಬರು, “ಇವರು ಯಾರ್ರಿ?” ಎಂದು ಕೇಳಿದರು. ಅಣ್ಣ ಪೆಟ್ಟಿಗೆಯ ಕಡೆ ನೋಡಿ, “ಮೀನ ನೋಡ್ಕೊಳ್ಳಾಕ ಅದಾಳ್ರಿ” ಎಂದ. ನಾನು ಅಲ್ಲೇ ಇದ್ದೆ. ಒಡಹುಟ್ಟಿದ ತಂಗಿ!

ಹೊರಗೆ ಬಂದ ಮೇಲೆ ನಾನೇ ಸಿಟ್ಟು ಮಾಡಿದೆ. ಅವಳು ಮಿಶ್ರಿ ಉಗುಳಿ, “ಮೊದಲ ಒಳಗ ಹೋಗು ಅಂತಿದ್ದ. ಈಗ ಅದಾಳ ಅಂದಾನ. ಇರಾಕ ಒಂದು ಕಾರಣಾ ಆತಿಲ್ಲೋ? ನೀ ಯಾಕ ಉರಕೋತೀದಿ?” ಎಂದಳು. ಅವಳಿಗೆ ಬೇಕಾದದ್ದು ಅಷ್ಟೇ ಇತ್ತು. ಆ ಮನೆಯಲ್ಲಿ ಇರಲು ಒಂದು ಕಾರಣ.

ಆ ಕಾರಣವೇ ಅವಳನ್ನು ತಿಂದಿತು.

ಬಬಲೇಶ್ವರದವರು ಬೇರೆ ಕಡೆ ಹೆಣ್ಣು ಕೊಟ್ಟರು. ಅದೇ ವೇಳೆಗೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದು ಶೆಡ್ಡಿನಲ್ಲಿ ಒಣಗಲು ಹಾಕಿದ್ದ ದ್ರಾಕ್ಷಿ ಕಪ್ಪಾಯಿತು. ವಾಸ್ತುವಿನವನು ಮತ್ತೆ ಬಂದ, ಮತ್ತೆ ಚಹಾ ಕುಡಿದ, ಪೆಟ್ಟಿಗೆಯ ಮುಂದೆ ನಿಂತ.

“ಈ ಕರೇದು ಯಾವಾಗಿಂದ ಐತ್ರಿ?”

“ಭಾಳ ದಿನಾ ಆತ್ರಿ. ಸಾಯವಲ್ದು” ಎಂದಳು ಅಣ್ಣನ ಹೆಂಡತಿ. ಸಾಯದಿದ್ದದ್ದಕ್ಕೆ ಅಷ್ಟೊಂದು ಬೇಸರದ ದನಿ ನಾನು ಕೇಳಿರಲಿಲ್ಲ.

“ಹಂಗಾದರ ತುಂಬೇತ್ರಿ ಇದು. ಇನ್ನ ಇದರಾಗ ಜಾಗಾ ಇಲ್ಲ. ಇದು ಹೋಗೂತನಾ ಪೀಡಾ ನಿಮ್ಮ ಮನ್ಯಾಗ ತಿರಗತೈತಿ.”

ಅಂದಿನಿಂದ ಆ ಮನೆಯಲ್ಲಿ ಮೀನಿನ ಸಾವಿಗೆ ಕಾಯುವುದು ಶುರುವಾಯಿತು. ಕೊಲ್ಲುವ ಹಾಗಿಲ್ಲ, ಪಾಪ. ಅದು ತಾನಾಗೇ ಸಾಯಬೇಕು. ಆದರೆ ಸಾಯಲು ಸ್ವಲ್ಪ ಅನುಕೂಲ ಮಾಡಿಕೊಟ್ಟರೆ ಪಾಪವಿಲ್ಲ. ಅಣ್ಣನ ಹೆಂಡತಿ ಹೋಗುತ್ತ ಬರುತ್ತ ಗಾಳಿಯ ಮಿಷನ್ನು ಬಂದ್ ಮಾಡುವಳು. ಅತ್ತಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಚಾಲೂ ಮಾಡುವಳು. ಆ ಗುಂಡಿಯ ಮೇಲೆ ಯಾವಾಗಲೂ ಜೋಳದ ಹಿಟ್ಟು ಅಂಟಿರುತ್ತಿತ್ತು.

“ನಿನಗ ನಮ್ಮ ಮನಿ ಹೆಚ್ಚೋ ಮೀನ ಹೆಚ್ಚೋ?” ಎಂದು ಅಣ್ಣನ ಹೆಂಡತಿ ಕೇಳಿದಳು ಒಂದು ದಿನ, ಓಣಿಗೆಲ್ಲ ಕೇಳುವ ಹಾಗೆ.

“ಮನೀ ಪೀಡಾ ಮೀನ ಮ್ಯಾಲ ಯಾಕ ಹೇರ್ತೀರಿ ವೈನಿ? ನೀರ ಬಿಟ್ಟರ ಅದಕ್ಕೇನ ಗೊತ್ತೈತಿ?”

ಅಣ್ಣ ಮಾತ್ರ ಪೆಟ್ಟಿಗೆಯ ಮುಂದೆ ನಿಂತು ಸುಮ್ಮನೆ ನೋಡುತ್ತಿದ್ದ. ಮೀನು ಅವನನ್ನು ಗುರುತಿಸಿ ಮೇಲೆ ಬರುತ್ತಿತ್ತು. ಅವನಿಗೆ ಅದು ಹಿಡಿಸುತ್ತಿತ್ತೆಂದು ನನಗನಿಸುತ್ತದೆ. ಆದರೆ ಅವನ ನಂಬಿಕೆ ಎಂಥದೆಂದರೆ, ಮೀನು ತಂದ ದಿನದಿಂದ ಬಿಪಿಯ ಗುಳಿಗೆ ಬಿಟ್ಟಿದ್ದ. ಅತ್ತಿ ದಿನಾ ರೊಟ್ಟಿಯ ತಾಟಿನ ಅಂಚಿಗೆ ಗುಳಿಗೆ ಇಟ್ಟು ಕೊಡುವಳು. ಅವನು ಅದನ್ನು ಬೆರಳಿನಿಂದ ಕಲ್ಲು ಸರಿಸಿದ ಹಾಗೆ ಸರಿಸುವನು.

“ಮೀನ ಐತಲ್ಲಾ ಮನ್ಯಾಗ. ಇನ್ನ ಗುಳಗಿ ಯಾಕ?”

“ಮೀನೇನ ನಿನ್ನ ರಗತ ಹಿಡಕೊಂಡ ಕುಂತೈತೇನ ಅಣ್ಣಾ? ತಗೋ.”

ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಮುಂಜಾನೆ ಬಚ್ಚಲಲ್ಲಿ ಬಿದ್ದ. ದವಾಖಾನೆಗೆ ಒಯ್ದರು. ರಕ್ತದ ಒತ್ತಡ ಏರಿ ತಲೆಯಲ್ಲಿ ನರ ಒಡೆದಿದೆ ಎಂದರು ಡಾಕ್ಟರು. ಮನೆಗೆ ಬಂದದ್ದು ಹೆಣ.

ನಿಡೋಣಿಯ ಹೊಲದಲ್ಲಿ ಮಣ್ಣು ಮಾಡಿ ಬಂದು ಪಡಸಾಲೆಯ ತುಂಬ ಮಂದಿ ಕೂತಿದ್ದೆವು. ಗಾಳಿಯ ಮಿಷನ್ನು ಒಂದೇ ಸಪ್ಪಳ ಮಾಡುತ್ತಿತ್ತು. ಅಣ್ಣನ ಹೆಂಡತಿ ತಲೆಯೆತ್ತಿ ಪೆಟ್ಟಿಗೆ ನೋಡಿದಳು. ಕರೇ ಮೀನು ದುಂಡಗೆ ಓಡಾಡಿಕೊಂಡಿತ್ತು.

“ಹೋಗೂದು ಅದಿತ್ತು. ಅದನ್ನ ಉಳಿಸಿದಿ, ನಿಮ್ಮಣ್ಣನ್ನ ಕಳಿಸಿದಿ. ಈಗ ಕಣ್ಣ ತಣ್ಣಗಾದುವೇನ?” ಎಂದು ಅತ್ತಿಯನ್ನು ಕೇಳಿದಳು.

ಎಲ್ಲರೂ ಮೊದಲು ಮೀನು ನೋಡಿದರು, ಆಮೇಲೆ ಅತ್ತಿಯನ್ನು. ಹೌದಲ್ಲ ಎನ್ನುವುದು ಒಂದೊಂದೇ ಮುಖಕ್ಕೆ ಬಂದದ್ದನ್ನು ನಾನು ಕಂಡೆ. ಕಲಿತವರೂ ಇದ್ದರು ಅದರಲ್ಲಿ, ನೌಕರಿಯವರೂ ಇದ್ದರು. ಅಳುವ ಮನೆಯಲ್ಲಿ ಒಬ್ಬರ ತಲೆಯ ಮೇಲೆ ಹೊರಿಸಿಬಿಟ್ಟರೆ ಉಳಿದವರಿಗೆ ಎಷ್ಟು ಹಗುರ ಆಗುತ್ತದೆ ನೋಡಬೇಕು.

ಅತ್ತಿ ಎದ್ದು ಒಳಗೆ ಹೋಗಿ ಅವನು ಸರಿಸಿದ್ದ ಗುಳಿಗೆಗಳನ್ನು ಕೂಡಿಟ್ಟ ಡಬ್ಬಿ ತಂದು ನಡುವೆ ಇಟ್ಟಳು. ಡಬ್ಬಿ ತುಂಬಿತ್ತು.

“ಇವನ್ನ ನಾ ಬಾಯಾಗ ತುರುಕಬೇಕಿತ್ತೇನ? ದಿನಾ ತಾಟಿನಾಗ ಇಟ್ಟೀನಿ. ನೀವೂ ನೋಡೀರಿ ವೈನಿ.”

ನಿಡೋಣಿಯ ಹಿರಿಯನೊಬ್ಬ ಕೈಯೆತ್ತಿದ. “ಇರ್ಲಿ ಬಿಡವಾ. ಹೋದಾಂವ ಹೋಗ್ಯಾನ, ಗುಳಗಿ ಮಾತ ಯಾಕ ಈಗ?”

“ಮೀನಿನ ಮಾತ ಆಗತೈತಿ, ಗುಳಗಿ ಮಾತ ಆಗೂದಿಲ್ಲೇನ್ರಿ?” ಎಂದೆ ನಾನು. ದೊಡ್ಡ ಮಗ ಎದ್ದು ಬಂದು, “ಆಯಿ, ನೀವು ಮನೀಗಿ ನಡೀರಿ, ದಣದೀರಿ” ಎಂದು ತೋಳು ಹಿಡಿದು ಬಾಗಿಲ ತನಕ ಬಿಟ್ಟ. ಮರ್ಯಾದೆಯಿಂದಲೇ ಬಿಟ್ಟ.

ದಿವಸದ ಊಟ ಮುಗಿದ ಮೇಲೆ ಅವಳನ್ನು ಬಿಜ್ಜರಗಿಗೆ ಕಳಿಸುವುದೆಂದಾಯಿತು. ಕೇಡು ಮಾಡುವ ಕಾಲ್ಗುಣದವಳನ್ನು ಎಷ್ಟು ದಿನ ಇಟ್ಟುಕೊಳ್ಳುವುದು ಎಂದರಂತೆ. ಹೋಗುವ ಮುಂಜಾನೆ ಅವಳು ಪೆಟ್ಟಿಗೆಯ ನೀರು ಅರ್ಧ ತೆಗೆದು ಹೊಸದು ಹಾಕಿದಳು. “ಕರೇದನ್ನ ಒಂದು ಕೊಡದಾಗ ಹಾಕ್ಕೊಂಡು ಒಯ್ತೀನಿ” ಎಂದಳು. ದೊಡ್ಡ ಮಗ, “ಅದು ಈ ಮನೀದು, ಇಲ್ಲೇ ಸಾಯಬೇಕು, ಇಡು” ಎಂದ. ಮೀನು ಆ ಮನೆಯದಾಯಿತು, ಅವಳಾಗಲಿಲ್ಲ. ಟ್ರಂಕು ಮತ್ತು ಹಂಚು ತೆಗೆದುಕೊಂಡು ಬಸ್ಸು ಹತ್ತಿದಳು.

ಆಮೇಲೆ ಮಿಷನ್ನಿನ ಗುಂಡಿಗೆ ಹಿಟ್ಟಿನ ಕೈ ಬರಲಿಲ್ಲ. ಮೊದಲು ನೀರು ಹಸಿರಾಯಿತು. ಆಮೇಲೆ ಮೀನು ಸತ್ತಿತು. ಪೇಢೆ ತಂದರು. ಆ ಸಲ ನಾನು ತಿನ್ನಲಿಲ್ಲ. ಕೈಯೊಡ್ಡಿ ತೆಗೆದುಕೊಂಡು ಅವರ ಎದುರಿಗೇ ನಾಯಿಗೆ ಹಾಕಿದೆ.

ಬಿಜ್ಜರಗಿಗೆ ನಾನು ಹೋಗಿ ನೋಡಿದ್ದು ಒಂದೇ ಸಲ. ಟಿಕೋಟಾದಲ್ಲಿ ಇಳಿದು, ಟಂಟಂ ಹತ್ತಿ, ಸೊಂಟ ಹಿಡಿದುಕೊಂಡು ಹೋದೆ. ಕುರಿ ಕೂಡುವ ಹಟ್ಟಿಗೆ ತಾಗಿದ ಕೋಣೆಯಲ್ಲಿ ಅವಳನ್ನು ಇಟ್ಟಿದ್ದರು. ಒಂದು ಪಕ್ಕ ದ್ರಾಕ್ಷಿಗೆ ಹೊಡೆಯುವ ಔಷಧದ ಡಬ್ಬಿಗಳು, ಒಂದು ಪಕ್ಕ ಹೊಟ್ಟಿನ ಚೀಲಗಳು, ನಡುವೆ ಅವಳ ಹಾಸಿಗೆ. ಮೈದುನನ ಮಗನಿಗೆ ಅವಳು ಹ್ಯಾಗೂ ಹೊರಗಿನವಳು. ಅವನ ಹೆಂಡತಿ ಊಟ ಕೊಡುತ್ತಿದ್ದಳು, ತಾಟನ್ನು ಹೊಸ್ತಿಲ ಮೇಲೆ ಇಟ್ಟು ಹೋಗುತ್ತಿದ್ದಳು.

“ಬಾರಬೇ. ಇಷ್ಟ ಚಂದದ ಸೀರಿ ಯಾರ ಮನೀದು ಕದ್ದಿ?” ಎಂದಳು ನನ್ನನ್ನು ಕಂಡ ಕೂಡಲೆ. ಮೈ ಬತ್ತಿತ್ತು, ಬಾಯಿ ಬತ್ತಿರಲಿಲ್ಲ.

ಕೂತು ಅದೂ ಇದೂ ಮಾತಾಡಿದೆವು. ಕೇಳುತ್ತಾಳೆಂದು ನನಗೆ ಗೊತ್ತಿತ್ತು, ಕೇಳಿದಳು.

“ಕರೇದು?”

“ಸತ್ತೈತಿ.”

“ಪೇಢೆ ಹಂಚಿದರೇನ?”

“ಹಂಚಿದರು.”

ಕುರಿಗಳು ಒದರುತ್ತಿದ್ದವು. ಅವಳು ಅವುಗಳ ಕಡೆ ನೋಡುತ್ತ, “ನಾ ಅದನ್ನ ಒಗ್ಗಿಸಬಾರದಿತ್ತು. ಮೊದಲನೇ ದಿನಾನ ಸತ್ತಿದ್ದರ ಅದಕ್ಕೂ ಛಲೋ ಇತ್ತು, ನನಗೂ ಛಲೋ ಇತ್ತು. ಹೆಣಾ ತಗದು ಒಗದು ಅಡಗಿ ಮನ್ಯಾಗ ಇರ್ತಿದ್ನಿ” ಎಂದಳು. ನಾನು ಅಲ್ಲ ಎನ್ನಲಿಲ್ಲ. ಸಮಾಧಾನದ ಮಾತು ನನಗೆ ಬರುವುದಿಲ್ಲ, ಬಂದಿದ್ದರೂ ಅವಳು ಕೇಳಿಸಿಕೊಳ್ಳುವವಳಲ್ಲ. ಒಯ್ದಿದ್ದ ಮಿಶ್ರಿಯ ಡಬ್ಬಿ ಕೊಟ್ಟೆ. ಮೂಸಿ ನೋಡಿ, “ಹಳೇದು ಕೊಟ್ಟಾನ ನಿನಗ” ಎಂದಳು.

ಈ ಬೇಸಿಗೆಯಲ್ಲಿ ಅವಳು ಸತ್ತಳು. ಮುಂಜಾನೆ ಫೋನು ಬಂತು, ಎದುರು ಮನೆಗೆ. ನನಗೆ ಅಲ್ಲಿಂದ ಗೊತ್ತಾಯಿತು. ದೊಡ್ಡ ಮಗ ಜೀಪು ಮಾಡಿಕೊಂಡು ಹೊರಟ. ಕರೆಯದಿದ್ದರೂ ಹತ್ತಿ ಕೂತೆ. ಅವನ ತಾಯಿ ಮೊಣಕಾಲು ನೋವೆಂದು ಬರಲಿಲ್ಲ. ನನ್ನ ಮೊಣಕಾಲು ಅವಳವಕ್ಕಿಂತ ಹಳೆಯವು.

ಅಲ್ಲಿ ಹೋದರೆ ಹೆಣವನ್ನು ಹಟ್ಟಿಯ ಮುಂದೆ ಗೋಡೆಗೆ ಆನಿಸಿ ಕೂರಿಸಿ ವಿಭೂತಿ ಹಚ್ಚಿದ್ದರು. ಕುಳಿ ಇನ್ನೂ ತೋಡಿರಲಿಲ್ಲ. ನಮ್ಮ ಕಡೆ ಅವರವರ ಹೊಲದಲ್ಲಿ ಅವರವರನ್ನು ಮಣ್ಣು ಮಾಡುವುದು. ಅವಳ ಹೊಲ ಯಾವುದು ಎನ್ನುವುದು ಬಗೆಹರಿದಿರಲಿಲ್ಲ.

“ಹೊಲದ ತುಂಬ ದ್ರಾಕ್ಷಿ ಕಂಬ ಅದಾವ್ರಿ. ಎಲ್ಲಿ ಅಗೀಲಿ? ನಿಡೋಣ್ಯಾಗ ತವರಮನಿ ಹೊಲಾ ಐತಲ್ಲ, ಒಯ್ರಿ. ಇಷ್ಟ ವರ್ಷ ನಿಮ್ಮಲ್ಲೇ ಇದ್ದಾಕಿ” ಎಂದ ಮೈದುನನ ಮಗ.

“ಕೊಟ್ಟ ಹೆಣ್ಣಮಗಳನ್ನ ತವರಮನಿ ಹೊಲದಾಗ ಯಾರರ ಮಣ್ಣ ಮಾಡ್ತಾರೇನ್ರಿ? ಮಂದಿ ಏನಂದಾರು? ಅಕಿ ನಿಮ್ಮ ಮನೀಗಿ ಬಂದಾಕಿ” ಎಂದ ದೊಡ್ಡ ಮಗ.

“ಅಕಿ ಗಂಡನ್ನ ಎಲ್ಲಿ ಹಾಕೀರಿ?” ಎಂದು ಕೇಳಿದೆ. ಮೈದುನನ ಮಗ ದ್ರಾಕ್ಷಿಯ ಸಾಲುಗಳ ಕಡೆಗೆ ಸುಮ್ಮನೆ ಕೈ ಬೀಸಿದ. ಗುರುತಿಗೆ ಒಂದು ಕಲ್ಲೂ ಉಳಿದಿರಲಿಲ್ಲ. ಅದರ ಮೇಲೆಯೇ ನೀರಿನ ಪೈಪು ಹಾದು ಹೋಗಿತ್ತು.

ಬಿಸಿಲು ಏರಿತು. ಇಬ್ಬರದೂ ದನಿ ಏರಿತು. ಯಾರೂ ಅವಳನ್ನು ಬೈಯಲಿಲ್ಲ, ಅದು ನಿಜ. ಪಾಪ, ದುಡಿದ ಜೀವ, ಯಾರಿಗೂ ಭಾರವಾಗಲಿಲ್ಲ, ಎಂದು ಇಬ್ಬರೂ ಹೇಳಿದರು. ಭಾರವಾಗದವಳನ್ನು ಇಳಿಸಲು ಎರಡು ಊರಿನಲ್ಲಿ ಒಂದಾಳಿನಷ್ಟು ನೆಲ ಇರಲಿಲ್ಲ. ನೊಣ ಬರತೊಡಗಿದಾಗ ಊರವರೇ ಬೇಸತ್ತು, ಗಾಂವಠಾಣದ, ಅಂದರೆ ಊರಿನ ಸರಕಾರಿ ನೆಲದ, ಅಂಚಿನ ಜಾಲಿ ಕಂಟಿಯಲ್ಲಿ ದಿಕ್ಕಿಲ್ಲದವರಿಗೆಂದು ಬಿಟ್ಟ ಜಾಗದಲ್ಲಿ ಕುಳಿ ತೋಡಿಸಿದರು. ಎರಡೂ ಮನೆಯವರು ಒಂದೊಂದು ಹಿಡಿ ಮಣ್ಣು ಹಾಕಿ, ಕೈ ಝಾಡಿಸಿಕೊಂಡು, ಒಬ್ಬರಿಗೊಬ್ಬರು ನಮಸ್ಕಾರ ಮಾಡಿದರು. ಜಗಳ ಮುಗಿದಿತ್ತು.

ನಾನೂ ಹಾಕಿದೆ. ಕೈ ತೊಳೆಯಲು ನೀರು ಸುರಿಯುತ್ತ ಮೈದುನನ ಮಗ ನನ್ನ ಮುಖ ನೋಡಿದ. ಮುಂಜಾನೆಯಿಂದ ಅವನಿಗೆ ಅದೊಂದು ಬಗೆಹರಿದಿರಲಿಲ್ಲವೆಂದು ಕಾಣುತ್ತದೆ.

“ಆಯಿ, ನೀವು ಅಕಿಗಿ ಏನಾಗಬೇಕ್ರಿ?”

“ಏನೂ ಆಗಬೇಕಿಲ್ಲಪಾ” ಎಂದೆ. “ಏನರ ಆಗಬೇಕಾಗಿದ್ದರ ನಾನೂ ಮುಂಜಾನಿಂದ ನಿಮ್ಮ ಕೂಡ ನಿಂತು, ನಮ್ಮಲ್ಲಿ ಜಾಗಾ ಇಲ್ಲ ಅಂತಿದ್ನಿ.”